ತಟ್ಟೆಯಲ್ಲಿ ಸಿಗದ ಬಿಲ್ಲೆ

ಓಣಿಯ ಮಕ್ಕಳಿಗೆಲ್ಲ ಅವರು ಗುಂಡಿ ಅಜ್ಜಿ. ಇಪ್ಪತ್ತಾರು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕಿದವರು. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟರು. ಆಮೇಲೆ ಅದೇ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳನ್ನು ಮನೆಯ ಮುಂದಿನ ಕೋಣೆಯಲ್ಲಿ ಸಂಜೆವರೆಗೆ ನೋಡಿಕೊಳ್ಳತೊಡಗಿದರು.

ಅಜ್ಜಿ ಮೊದಲಿನಿಂದಲೂ ಪುಕ್ಕಲು. ಗ್ಯಾಸ್ ಆರಿಸಿ ಬಂದವರು ಎರಡು ಸಲ ಹಿಂದಕ್ಕೆ ಹೋಗಿ ನೋಡುವರು. ಹಾಕಿದ ಚಿಲಕವನ್ನು ಎಳೆದೆಳೆದು ಪರೀಕ್ಷಿಸುವರು. ಇವರ ಕಾಟಕ್ಕೆ ಚಿಲಕವೇ ಒಂದಿನ ಕೆಲಸಕ್ಕೆ ರಾಜೀನಾಮೆ ಕೊಡುತ್ತೆ ಎಂದು ಜೊತೆಯಲ್ಲಿದ್ದ ನಾದಿನಿ ನಗುತ್ತಿದ್ದಳು. ಆ ಭಯದ ಒಂದು ಭಾಗವನ್ನು ಕಾರ್ಖಾನೆಯೇ ಕಲಿಸಿತ್ತು. ಅಲ್ಲಿ ಸೂಜಿ ಮುರಿದರೆ ಮೆಷಿನ್ ನಿಲ್ಲಬೇಕು. ಚೂರುಗಳನ್ನೆಲ್ಲ ಹುಡುಕಿ, ಕಾಗದದ ಮೇಲೆ ಜೋಡಿಸಿ ಅಂಟಿಸಿ, ಸೂಪರ್‌ವೈಸರ್‌ಗೆ ತೋರಿಸಬೇಕು. ಎಳ್ಳಿನಷ್ಟು ಚೂರು ಸಿಗದಿದ್ದರೂ ಹೊಲಿದ ಬಟ್ಟೆಯ ರಾಶಿಯನ್ನೆಲ್ಲ ಒಂದೊಂದಾಗಿ ಕೊಡವಬೇಕು. ಯಾರದೋ ಮಗುವಿನ ಅಂಗಿಯಲ್ಲಿ ಆ ಚೂರು ಉಳಿದಿದ್ದರೆ ಎಂಬ ಯೋಚನೆ ಅಜ್ಜಿಯ ತಲೆಯಿಂದ ಎಂದೂ ಹೋಗಲಿಲ್ಲ.

ಕ್ರಿಸ್‌ಮಸ್‌ಗೆ ಹತ್ತು ದಿನ ಇತ್ತು. ಅವತ್ತು ನಾಲ್ಕು ಮಕ್ಕಳಿದ್ದರು. ನಾಲ್ಕು ವರ್ಷದ ಅವಳಿ ಹುಡುಗರು, ಒಂದೂವರೆ ವರ್ಷದ ಮರಿ, ಮತ್ತೆ ಆರು ವರ್ಷದ ಲಾಯರಮ್ಮ. ಎಲ್ಲದಕ್ಕೂ ಯಾಕೆ, ಹೇಗೆ, ಯಾರು ಹೇಳಿದ್ದು ಎಂದು ವಾದಕ್ಕೆ ನಿಲ್ಲುತ್ತಿದ್ದುದರಿಂದ ಆ ಹುಡುಗಿಗೆ ಆ ಹೆಸರು. ಬಣ್ಣದ ಡಬ್ಬಿಗೆ ಮರಳು ತುಂಬಿ ಒಣಗಿದ ಕೊಂಬೆಯೊಂದನ್ನು ನೆಟ್ಟಿದ್ದರು. ಅದಕ್ಕೆ ಅಲಂಕಾರವೆಲ್ಲ ಮನೆಯ ಸಾಮಾನಿನದೇ. ತೂತು ಮಾಡಿ ಖಾಲಿ ಮಾಡಿದ ಮೊಟ್ಟೆ ಚಿಪ್ಪು, ಸೋಡಾ ಮುಚ್ಚಳ, ಸುಟ್ಟುಹೋದ ಬಲ್ಬು, ಚಾಕೊಲೇಟಿನ ಜರಿ ಕಾಗದ, ದಾರದಲ್ಲಿ ಪೋಣಿಸಿದ ಗುಂಡಿಗಳ ಮಾಲೆ. ಉರಿಯದ ಒಂದು ಬ್ಯಾಟರಿ ಮೇಣದಬತ್ತಿಯೂ ಇತ್ತು. ಅದರ ಪ್ಲಾಸ್ಟಿಕ್ ಜ್ವಾಲೆ ಕೊಂಬೆಯ ತುದಿಗೆ ಚೆನ್ನಾಗಿರುತ್ತೆ ಎಂದು ಅಜ್ಜಿ ಅದನ್ನು ಬಿಚ್ಚಿದರು. ಒಳಗಿದ್ದ ಕೋಟಿನ ಗುಂಡಿಯಷ್ಟಗಲದ ಹೊಳೆಯುವ ಬ್ಯಾಟರಿ ಬಿಲ್ಲೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟರು. ಕೆಲಸ ಮುಗಿದ ಮೇಲೆ ಎಸೆದರಾಯಿತು ಎಂದುಕೊಂಡರು.

ಮರಿಯ ಬಟ್ಟೆ ಒದ್ದೆಯಾಯಿತು. ಬದಲಾಯಿಸಿಕೊಂಡು ಬರಲು ಐದು ನಿಮಿಷ ಹಿಡಿದಿರಬಹುದು. ಮಧ್ಯಾಹ್ನ ಎರಡೂಕಾಲಿಗೆ ಸಾಮಾನು ಎತ್ತಿಡುವಾಗ ಅಜ್ಜಿ ಎಂದಿನಂತೆ ಒಂದೊಂದನ್ನೇ ಲೆಕ್ಕ ಹಾಕಿದರು. ಕತ್ತರಿ ಇತ್ತು, ಸೂಜಿ ಎರಡೂ ಇದ್ದವು. ಬಿಲ್ಲೆ ಇರಲಿಲ್ಲ.

ಚಾಪೆ ಕೊಡವಿದರು. ಮೊಟ್ಟೆ ಚಿಪ್ಪುಗಳನ್ನು ಅಲ್ಲಾಡಿಸಿ ನೋಡಿದರು. ಮಕ್ಕಳ ಜೇಬು, ಕಾಲುಚೀಲ, ಬಣ್ಣದ ಡಬ್ಬಿಯ ಮರಳು ಎಲ್ಲ ತಡಕಾಡಿದರು. ಯಾರು ತಗೊಂಡ್ರಿ ಎಂದು ಕೇಳಿದರೆ ಅವಳಿಗಳು ಒಬ್ಬರನ್ನೊಬ್ಬರು ತೋರಿಸಿದರು. ಲಾಯರಮ್ಮ ತಲೆ ಅಲ್ಲಾಡಿಸಿದಳು. ಮರಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಲ್ಲು ಬರುವ ಮಗು, ಜೊಲ್ಲು ದಿನವೂ ಇದ್ದದ್ದೇ. ಆದರೂ ಇದೇ ನುಂಗಿರಬೇಕು ಎಂದು ಅಜ್ಜಿ ಅದರ ಬಾಯಿ ಬಿಡಿಸಿ ನೋಡಿದರು.

ನಾದಿನಿ ಸಮಾಧಾನ ಹೇಳಿದಳು. "ಸತ್ತ ಬ್ಯಾಟರಿ ಅಲ್ವಾ ಅತ್ತಿಗೆ, ಏನಾಗುತ್ತೆ? ಬಾಳೆಹಣ್ಣು ತಿನ್ನಿಸಿ, ನಾಳೆ ತಾನಾಗೇ ಹೊರಗೆ ಬರುತ್ತೆ. ಊರಿಗೆಲ್ಲ ಡಂಗುರ ಸಾರಿದ್ರೆ ನಾಳೆಯಿಂದ ಒಂದು ಮಗೂನೂ ನಮ್ಮ ಮನೆಗೆ ಬರಲ್ಲ."

ಅದು ಸುಳ್ಳಾಗಿರಲಿಲ್ಲ. ಅಜ್ಜಿ ಬಾಳೆಹಣ್ಣು ಸುಲಿದದ್ದೂ ನಿಜ. ಮರಿಯ ಬಾಯಿಯ ಹತ್ತಿರ ಒಯ್ದ ಕೈ ಅಲ್ಲೇ ನಿಂತಿತು. ಹಣ್ಣನ್ನು ಕೆಳಗಿಟ್ಟು ಎದುರಿನ ಔಷಧಿ ಅಂಗಡಿಗೆ ಕುಂಟುತ್ತ ಓಡಿದರು. ಅಂಗಡಿಯವನು ಅರ್ಧ ಕೇಳುವಷ್ಟರಲ್ಲೇ ಎದ್ದು ನಿಂತ.

"ಒಂದು ಗುಟುಕು ನೀರೂ ಕೊಡಬೇಡಿ. ದೀಪ ಉರಿಸೋಕೆ ಆಗದ ಬ್ಯಾಟರಿನೂ ಗಂಟಲನ್ನ ಸುಡುತ್ತೆ. ಎರಡು ಗಂಟೆ ಸಾಕು. ಈಗ್ಲೇ ಹೊರಡಿ."

ಅವನೇ ಆಟೋ ನಿಲ್ಲಿಸಿದ. ಬೇರೆ ಮಕ್ಕಳನ್ನು ಬಿಟ್ಟು ಹೋಗಿ ಎಂದ. ಅಜ್ಜಿ ಒಪ್ಪಲಿಲ್ಲ. ಯಾರು ನುಂಗಿದ್ದಾರೋ ತನಗೆ ಗೊತ್ತಿಲ್ಲ, ಗೊತ್ತಿಲ್ಲದ ಮೇಲೆ ಯಾರನ್ನೂ ಬಿಡಲಾರೆ ಎಂದರು. ಎರಡು ದೊಡ್ಡ ಜೀವ, ನಾಲ್ಕು ಸಣ್ಣ ಜೀವ ಒಂದೇ ಆಟೋದಲ್ಲಿ ತುಂಬಿಕೊಂಡು ಹೊರಟರು. ದಾರಿಯಲ್ಲಿ ಅಜ್ಜಿ ಮೂವರು ತಾಯಂದಿರಿಗೂ ಫೋನ್ ಮಾಡಿದರು. ಮೂರು ಸಲವೂ ಅದೇ ಮಾತು: ತಪ್ಪು ನನ್ನದು, ಬನ್ನಿ. ಆಟೋ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಅಜ್ಜಿ ಮರಿಯ ಬಾಯಿ ಬಿಡಿಸಿ ಒಳಗೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಮೊದಲು ಮರಿಯ ಎಕ್ಸ್-ರೇ ತೆಗೆದರು. ಏನೂ ಇರಲಿಲ್ಲ. ಅಷ್ಟರಲ್ಲಿ ಬಂದು ಸೇರಿದ್ದ ಅದರ ತಾಯಿ ಮಗುವನ್ನು ಅಪ್ಪಿಕೊಂಡು ಗೋಡೆಗೊರಗಿ ಕೂತಳು. ಬಿಲ್ಲೆ ಮನೆಯಲ್ಲೇ ಎಲ್ಲೋ ಉರುಳಿರಬೇಕು ಎಂದಳು ನಾದಿನಿ. ಹಾಗೇ ಇರಬಹುದು ಎಂದು ಅಜ್ಜಿಗೂ ಆಸೆಯಾಯಿತು. ಆಗ ಅವರ ಕಣ್ಣು ಬೆಂಚಿನ ಮೇಲೆ ಬಿದ್ದಿತು. ಅವಳಿಗಳು ಕಿತ್ತಾಡುತ್ತಿದ್ದರು. ಪಕ್ಕದಲ್ಲಿ ಲಾಯರಮ್ಮ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳು. ಆಟೋ ಹತ್ತಿದಾಗಿನಿಂದ ಆ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಅಜ್ಜಿ ಹೋಗಿ ನೋವಿನ ಮೊಣಕಾಲೂರಿ ಅವಳೆದುರು ಕೂತರು. ಬೈಯಲ್ಲ ಕಂದ, ಹೇಳು ಎಂದರು.

ಹುಡುಗಿ ಉಗುಳು ನುಂಗಲು ಹೋಗಿ ಮುಖ ಕಿವುಚಿದಳು. "ದಾರ ಪೋಣಿಸ್ತಿದ್ದೆ. ಕೈ ಖಾಲಿ ಇರಲಿಲ್ಲ. ಅದಕ್ಕೇ ತುಟಿಯಲ್ಲಿ ಇಟ್ಕೊಂಡೆ. ನೀನೂ ಇಟ್ಕೋತೀಯಲ್ಲ, ಅಜ್ಜಿ."

ಇಪ್ಪತ್ತಾರು ವರ್ಷ ಗುಂಡಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ದಾರ ಪೋಣಿಸಿದವರು ಅಜ್ಜಿ. ಬೆಳಗ್ಗೆಯೂ ಮಕ್ಕಳ ಮುಂದೆಯೇ ಹಾಗೆ ಮಾಡಿದ್ದರು. ಹುಡುಗಿಯನ್ನು ಎತ್ತಿಕೊಂಡು ಎಕ್ಸ್-ರೇ ಕೋಣೆಯ ಬಾಗಿಲು ಬಡಿದರು.

ಪರದೆಯ ಮೇಲೆ ಗಂಟಲಿನ ಕೆಳಗೆ ಒಂದು ದುಂಡು ಬಿಳಿ ಗುರುತು ಮೂಡಿತು. ಅಂಚಿನ ಒಳಗೆ ಇನ್ನೊಂದು ಉಂಗುರ ಇರುವುದರಿಂದ ಅದು ನಾಣ್ಯವಲ್ಲ, ಬ್ಯಾಟರಿಯೇ ಎಂದು ಡಾಕ್ಟರಮ್ಮ ಹೇಳಿದರು. ಮತ್ತೆ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು. ಹುಡುಗಿಯ ತಾಯಿ ಕಾರ್ಖಾನೆಯ ಏಪ್ರನ್ ಬಿಚ್ಚದೆಯೇ ಬಂದು, ಕಾಗದಕ್ಕೆ ಸಹಿ ಹಾಕಿ, ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲೆದುರು ನಿಂತಳು. ಅಜ್ಜಿಯ ಕಡೆ ತಿರುಗಿ, "ನಿಮ್ಮ ಹತ್ರ ಬಿಟ್ರೆ ನನಗೆ ಯೋಚನೆನೇ ಇರ್ತಿರಲಿಲ್ಲ" ಎಂದಳು. ಅಷ್ಟೇ. ಬೈದಿದ್ದರೆ ಅಜ್ಜಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತೇನೋ.

ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಬಿಲ್ಲೆ ತೆಗೆದಾಯಿತು, ಅನ್ನನಾಳದ ಒಂದು ಪಕ್ಕ ಸುಟ್ಟಿದೆ, ತೂತಾಗಿಲ್ಲ ಎಂದರು. ಇನ್ನೂ ಕೆಲವು ದಿನ ಕಾದು ನೋಡಬೇಕು, ಸಂಜೆವರೆಗೆ ಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು ಎಂದೂ ಹೇಳಿದರು.

ಆ ಕೆಲವು ದಿನಗಳಲ್ಲಿ ಅಜ್ಜಿಗೆ ಊಟ ಸೇರಲಿಲ್ಲ. ಅವಳಿಗಳ ತಾಯಿ ಮಕ್ಕಳನ್ನು ಬೇರೆ ಕಡೆ ಸೇರಿಸಿದಳು. ಮರಿಯ ತಾಯಿ ಮಾತ್ರ ಎರಡನೇ ದಿನವೇ ಮಗುವನ್ನು ತಂದು ಇವರ ಮಡಿಲಲ್ಲಿ ಕೂರಿಸಿ, ಕೆಲಸಕ್ಕೆ ಹೊತ್ತಾಯಿತೆಂದು ಹೋಗಿಬಿಟ್ಟಳು.

ಐದನೇ ದಿನ ಲಾಯರಮ್ಮನ ತಾಯಿಯ ಫೋನ್ ಬಂತು. ರಜೆ ಮುಗಿದಿದೆ, ವಾರ್ಡಿನಲ್ಲಿ ಮಗಳ ಜೊತೆ ಕೂರಲು ಯಾರೂ ಇಲ್ಲ, ಬರ್ತೀರಾ ಎಂದಳು. ಮರಿಯನ್ನು ನಾದಿನಿಗೆ ಒಪ್ಪಿಸಿ ಅಜ್ಜಿ ಹೊರಟರು.

ಅಲ್ಲಿಯವರೆಗೆ ಹುಡುಗಿಗೆ ಮೂಗಿನ ನಳಿಕೆಯಲ್ಲೇ ಆಹಾರ. ಅವತ್ತು ಬಾಯಿಂದ ಮೊದಲ ಹಾಲು. ನರ್ಸ್ ಬಟ್ಟಲು, ಚಮಚ ತಂದು ಅಜ್ಜಿಯ ಕೈಗೇ ಕೊಟ್ಟಳು. ನೀವೇ ಕುಡಿಸಿ ಎಂದರೂ ನರ್ಸ್ ಕೇಳಲಿಲ್ಲ, ಪಕ್ಕದಲ್ಲೇ ನಿಂತಳು. ಮೊದಲ ಚಮಚದಲ್ಲಿ ಅರ್ಧ ಹಾಲು ಹಾಸಿಗೆಯ ಮೇಲೆ ಚೆಲ್ಲಿತು. ಉಳಿದರ್ಧ ಬಾಯಿಗೆ ಹೋಯಿತು. ಅಜ್ಜಿ ಆ ಪುಟ್ಟ ಕತ್ತನ್ನೇ ನೋಡುತ್ತ ಕೂತರು. ಹುಡುಗಿ ಕಣ್ಣು ಮುಚ್ಚಿದಳು. ಕತ್ತು ಒಮ್ಮೆ ಅಲುಗಿತು.

"ನೋವಾಯ್ತಾ?"

"ಸ್ವಲ್ಪ," ಎಂದು ಹುಡುಗಿ ಮತ್ತೆ ಬಾಯಿ ತೆರೆದಳು.