ಮಾಗಿದ ಎಲೆ ಮೊದಲು

ಮೊನ್ನೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಬರುವಾಗ ಯಾರದೋ ಬ್ಯಾರನ್ನಿನಿಂದ, ಸೊಪ್ಪು ಒಣಗಿಸುವ ಹೆಂಚಿನ ಗೂಡಿನಿಂದ, ಹೊಗೆಸೊಪ್ಪು ಬೇಯುವ ವಾಸನೆ ಬಂತು. ಬೆಲ್ಲ ಸೀದಂಥ, ಗಂಟಲು ಕೆರೆಯುವ ಸಿಹಿ ವಾಸನೆ. ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನನಗೆ ಅದು ನಮ್ಮ ಜಯತ್ತೆಯ ವಾಸನೆ.

ಅಪ್ಪನ ತಂಗಿ ಜಯತ್ತೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿ, ಹದಿನೈದು ವರ್ಷದಿಂದ ನಮ್ಮ ಮನೆಯಲ್ಲೇ ದುಡಿಯುತ್ತಿದ್ದಳು. ಅಂಗನವಾಡಿ ಟೀಚರ್ ಆಗಬೇಕೆಂಬುದು ಅವಳ ಒಂದೇ ಆಸೆ. ಆ ಒಂದು ಪಾಸಿಲ್ಲದೆ ಅರ್ಜಿ ಹಾಕುವ ಹಾಗಿರಲಿಲ್ಲ. ನಾನು ಮತ್ತು ಗೆಳತಿ ನಸೀಮಾ ಹತ್ತನೇ ಕ್ಲಾಸಿಗೆ ಬಂದ ವರ್ಷ, ಅತ್ತೆ ನಮ್ಮ ಬ್ಯಾರನ್ ಮುಂದಿನ ಚಪ್ಪರದಲ್ಲೇ ನಮಗೆ ಪಾಠ ಶುರು ಮಾಡಿದಳು. ಕೋಲಿಗೆ ಹಸಿ ಎಲೆ ಕಟ್ಟುತ್ತಾ ಕೂತರೆ, ಒಂದು ಕೋಲು ತುಂಬುವುದರೊಳಗೆ ಒಂದು ಉತ್ತರ ಒಪ್ಪಿಸಬೇಕು. ಒಂದು ಕೋಲಿಗೆ ವಿಜ್ಞಾನ, ಮುಂದಿನದಕ್ಕೆ ಸಮಾಜ, ಅದರ ಮುಂದಿನದಕ್ಕೆ ಕನ್ನಡ ವ್ಯಾಕರಣ. ತಪ್ಪಿದರೆ ಅಂಟು ಮೆತ್ತಿದ ಕೈಯಲ್ಲೇ ತಲೆಗೊಂದು ಮೊಟಕು ಬೀಳುತ್ತಿತ್ತು. ಗಣಿತ ಬಂದಾಗ ಮಾತ್ರ ಪುಸ್ತಕವನ್ನು ನಸೀಮಾಳ ಕಡೆ ತಳ್ಳಿಬಿಡುತ್ತಿದ್ದಳು.

ಪರೀಕ್ಷೆ ಬರೆಯುವ ಉಪಾಯವನ್ನೂ ಅವಳೇ ಹೇಳಿಕೊಟ್ಟಳು. "ಸೊಪ್ಪು ಮುರ್ದಂಗೆ ಕಣ್ರವ್ವ. ಬುಡದಿಂದ ಬನ್ನಿ." ಬುದ್ಧಿವಂತೆ ನಾನು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಕೊನೆಯ ಪುಟದಿಂದ ಬರೆಯಲು ಹೊರಟೆ. ದೊಡ್ಡ ಪ್ರಶ್ನೆಗಳಲ್ಲೇ ಒದ್ದಾಡಿ, ಗೊತ್ತಿದ್ದ ಒಂದು ಅಂಕದ ಪ್ರಶ್ನೆಗಳಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಅಳುತ್ತಾ ಬಂದರೆ ಅತ್ತೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಮಂಕೆ, ಗಿಡದಲ್ಲಿ ಬುಡದೆಲೆ ಮೊದ್ಲು ಮಾಗ್ತದೆ, ಅದ್ಕೇ ಅದ್ನ ಮೊದ್ಲು ಮುರಿಯೋದು. ನಿಂಗೆ ಯಾವ್ದು ಮಾಗ್ಯದೋ ಅದ್ನ ಮೊದ್ಲು ಬರಿ. ಹಸಿದ್ನ ಆಮೇಕೆ ನೋಡ್ಕೊ, ಬುಡು."

ಆಗ ನಸೀಮಾ ಕೇಳಿದಳು, "ಇಷ್ಟೆಲ್ಲಾ ಗೊತ್ತದೆ, ನೀವ್ಯಾಕೆ ಪರೀಕ್ಷೆ ಕಟ್ಟಬಾರ್ದು ಅತ್ತೆ?"

ಅತ್ತೆಯ ನಗು ನಿಂತುಹೋಯಿತು. "ಇನ್ನೊಂದ್ಸಲ ಫೇಲಾದ್ರೆ ನಮ್ಮಣ್ಣನ ಮಕ ಎಂಗ್ ನೋಡ್ಲಿ?" ಎಂದಳು. ಅಷ್ಟಾದರೂ ನಾವು ಬಿಡಲಿಲ್ಲ. ಫಾರಂ ತುಂಬಿಸಿದೆವು. ಅಂದಿನಿಂದ ಗಣಿತದ ಕೋಲಿಗೆ ನಾವು ಕೇಳುವವರು, ಅವಳು ಒಪ್ಪಿಸುವವಳು. ಮೊಟಕುವ ಸರದಿ ನಮ್ಮದಾಯಿತು, ಅದನ್ನು ನಾವು ಚೆನ್ನಾಗಿಯೇ ಬಳಸಿಕೊಂಡೆವು.

ಪರೀಕ್ಷೆಯ ದಿನ ಹೊರಬಂದ ಅತ್ತೆಯ ಮುಖ ಬಿಳುಚಿತ್ತು. "ಮಾಗಿದ್ದಷ್ಟು ಮುರ್ದಿವ್ನಿ" ಎಂದಷ್ಟೇ ಹೇಳಿದಳು.

ಫಲಿತಾಂಶ ಬಂದ ಬೆಳಿಗ್ಗೆ ನಾವಿಬ್ಬರೂ ಪಾಸು. ಅತ್ತೆಯ ನಂಬರನ್ನು ನಸೀಮಾ ಮೊಬೈಲಿನಲ್ಲಿ ಒತ್ತಿದಳು. ಗಣಿತ, ನಲವತ್ತೊಂದು. ಅತ್ತೆ ಅದನ್ನು ಮೂರು ಸಲ ಓದಿಸಿದಳು. ಆಮೇಲೆ ಬೀದಿಗೆ ಓಡಿ, ಬ್ಯಾರನ್ನಿನ ಹೆಂಚು ಸರಿಮಾಡುತ್ತಿದ್ದ ಅಪ್ಪನಿಗೆ ಕೇಳುವಂತೆ ಕೂಗಿದಳು: "ಅಣ್ಣೋ! ಪಾಸಾದೆ ಕಣಣ್ಣೋ!" ಅಪ್ಪ ಏಣಿ ಇಳಿದು ಬಂದರು. ಹೆಗಲ ಟವೆಲ್ಲನ್ನು ತಂಗಿಯ ತಲೆಗೆ ಪೇಟದಂತೆ ಸುತ್ತಿದರು. ಅತ್ತೆ ಸಂಜೆಯವರೆಗೂ ಅದನ್ನು ತೆಗೆಯಲಿಲ್ಲ.

ಅವಳು ಟೀಚರೂ ಆದಳು. ಈಗ ಆ ಬ್ಯಾರನ್ ಇಲ್ಲ, ಅಪ್ಪನಿಲ್ಲ, ಅತ್ತೆಯೂ ಹೋಗಿ ಎರಡು ವರ್ಷವಾಯಿತು. ಅವಳನ್ನು ಮಣ್ಣು ಮಾಡಿದ ದಿನ ಅಂಗನವಾಡಿಯ ಮಕ್ಕಳು ಸಾಲಾಗಿ ಬಂದು, ಏನೂ ತಿಳಿಯದೆ, ದಿನದಂತೆ "ನಮಸ್ತೇ ಟೀಚರ್" ಎಂದು ಒಟ್ಟಿಗೆ ಕೂಗಿದವು.