ಹಲ್ಲುಮಾಮನ ಒಂಟಿ ಸೀಟಿನ ಬಗ್ಗಿ

ಹಲ್ಲುಮಾಮ ತಮ್ಮ ಗ್ಯಾರೇಜಿನಲ್ಲಿ ಗುಟ್ಟಾಗಿ ಜನರ ಹಲ್ಲು ಕೀಳುತ್ತಾರೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ನಂಬದೆ ಏನು ಮಾಡುವುದು? ಅವರದ್ದು ನಮ್ಮ ಪಕ್ಕದ ಮನೆ. ರಜಾ ದಿನ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತ ಕಾಂಪೌಂಡಿನ ಬಳಿ ಹೋದೆನೆಂದರೆ ಮುಚ್ಚಿದ ಗ್ಯಾರೇಜಿನೊಳಗಿಂದ ಅವರ ದನಿ ಕೇಳುತ್ತಿತ್ತು. “ಬಾಯಿ ತೆಗಿ ಮರಿ. ಇನ್ನೂ ಸ್ವಲ್ಪ. ಹಾಂ, ಅಷ್ಟೇ. ನೋವಾಯ್ತಾ? ಆಯ್ತಾಯ್ತು, ಬಂದೇಬಿಡ್ತು.” ಅದರ ಬೆನ್ನಿಗೇ ಕಟಕ್ ಎಂದು ಏನೋ ಕಿತ್ತುಬಂದ ಸದ್ದು. ಆದರೆ ರೋಗಿಯ ಕಡೆಯಿಂದ ಒಂದು ನರಳಾಟವಿಲ್ಲ, ಬಾಯಿ ಮುಕ್ಕಳಿಸಿದ ಸದ್ದೂ ಇಲ್ಲ.

ನಾನಾಗ ನಮ್ಮ ಬೀದಿಯ ನಿವಾಸಿಗಳ ಸಂಘದ ಜಂಟಿ ಕಾರ್ಯದರ್ಶಿ. ಅಧ್ಯಕ್ಷರು ಮಾಡಲೊಲ್ಲದ, ಕಾರ್ಯದರ್ಶಿಗಳು ಮರೆತುಬಿಟ್ಟ ಕೆಲಸಗಳೆಲ್ಲ ಜಂಟಿಯ ತಲೆಗೇ ಬರುವುದರಿಂದ ಅದು ಸಣ್ಣ ಹುದ್ದೆಯೇನಲ್ಲ. ಪರವಾನಗಿಯಿಲ್ಲದ ದಂತ ಚಿಕಿತ್ಸೆಯನ್ನು ನೋಡಿಯೂ ಸುಮ್ಮನಿರುವುದು ಹೇಗೆ? ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟೆ.

“ಹೋಗೋದು ಹೋಗ್ತೀರಿ, ಆ ಅಲುಗಾಡೋ ದವಡೆ ಹಲ್ಲನ್ನೂ ತೋರಿಸ್ಕೊಂಡು ಬನ್ನಿ,” ಎಂದಳು ಹೆಂಡತಿ.

ಬಾಗಿಲು ತೆರೆದ ಹಲ್ಲುಮಾಮನ ಮೊಣಕೈವರೆಗೂ ಗ್ರೀಸಿತ್ತು. ಹಿಂದೆ ರೋಗಿಯಿರಲಿಲ್ಲ. ಸ್ನಾನದ ತೊಟ್ಟಿಯಂಥದ್ದೊಂದು ಇತ್ತು. ಬಾಗಿಲಿಲ್ಲ, ಚಾವಣಿಯಿಲ್ಲ. ಮುಂದೆ ಕಪ್ಪೆಗಣ್ಣಿನಂತೆ ಮೇಲೆದ್ದ ಎರಡು ದೀಪ, ಹಿಂದೆ ಹೊಟ್ಟೆ ಹೊರಗೆ ಹಾಕಿಕೊಂಡ ಇಂಜಿನ್, ದಪ್ಪ ದಪ್ಪ ಟೈರು. ಹಳೆಯ ಕಾರಿನ ಅಡಿಯ ಮೇಲೆ ಫೈಬರಿನ ಮೈ ಕೂರಿಸಿ ಮಾಡಿದ ಡ್ಯೂನ್ ಬಗ್ಗಿ. ಮರಳುದಿಬ್ಬದ ಮೇಲೆ ಓಡಿಸಲೆಂದೇ ಇರುವ ಗಾಡಿ. ಅವರು ಬಾಯಿ ತೆಗೆಸುತ್ತಿದ್ದದ್ದು ತುಕ್ಕು ಹಿಡಿದ ಕಾರ್ಬ್ಯುರೇಟರನ್ನು.

“ಏನ್ ಕಾರ್ಯದರ್ಶಿಗಳೇ, ಇಷ್ಟು ಬೆಳಿಗ್ಗೆ ಬಾವುಟ ಹಾರಿಸೋಕೆ ಹೊರಟಿದ್ದೀರಾ?” ಎಂದರು ನನ್ನ ಅಂಗಿ ನೋಡಿ. “ಬಂದಿದ್ದು ಒಳ್ಳೇದಾಯ್ತು. ಈ ಟಾರ್ಚು ಹಿಡ್ಕೊಳ್ಳಿ.”

ಅಂದಿನಿಂದ ಟಾರ್ಚು ಹಿಡಿಯುವುದು ನನ್ನ ಎರಡನೆಯ ಹುದ್ದೆಯಾಯಿತು.

ಹಲ್ಲುಮಾಮ ಡಾಕ್ಟರಲ್ಲ. ಒಂದು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟುವವರು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಅದರೊಳಗೆ ಪ್ಲಾಸ್ಟರು ಹೊಯ್ದು ದವಡೆಯ ಪಡಿಯಚ್ಚು ಮಾಡಿ, ಅದರ ಮೇಲೆ ಹಲ್ಲಿನ ಸೆಟ್ಟು ಕೂರಿಸುತ್ತಾರೆ. ಬೀದಿಯ ಅರ್ಧ ಹಿರಿಯರು ನಗುವುದು ಇವರ ಕೃಪೆಯಿಂದ. ಮದುವೆಯಾಗಲಿಲ್ಲ. ಕೇಳಿದರೆ, “ದಿನವೆಲ್ಲ ಜನರ ಬಾಯಿಯೇ ನೋಡ್ತೀನಿ, ಮನೇಲೂ ಒಂದು ಯಾಕೆ?” ಎನ್ನುತ್ತಾರೆ. ಮಹಡಿಯ ಮೇಲೆ ಇವರು, ಕೆಳಗೆ ಇವರ ಅತ್ತಿಗೆ.

ಬಗ್ಗಿ ಅಣ್ಣನದು. ಆ ಅಣ್ಣನ ಎರಡು ಗುಣ ಬೀದಿಗೆಲ್ಲ ಗೊತ್ತಿತ್ತು. ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನು ಎಂದೂ ಬಿಟ್ಟು ಬಂದವರಲ್ಲ. ಸ್ಟೀರಿಂಗನ್ನು ಎಂದೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ, ಸ್ವಂತ ತಮ್ಮನಿಗೂ ಇಲ್ಲ. ಬಹಳ ವರ್ಷದ ಹಿಂದೆ ಒಂದು ಮಧ್ಯಾಹ್ನ, ಬೀದಿಯ ಕೊನೆಯ ತಿರುವಿನಾಚೆ ಸಮುದ್ರದಂಡೆಯಲ್ಲಿರುವ ಮರಳುದಿಬ್ಬದ ಕಡೆ ಒಬ್ಬರೇ ಹೋದರು. ಸಂಜೆಯ ಹೊತ್ತಿಗೆ ಗಾಡಿ ಮನೆಯ ಗೇಟಿನ ಮುಂದೆ ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಒಳಗೆ ಯಾರೂ ಇರಲಿಲ್ಲ.

ಹುಡುಕಿದರು. ಮರಳಿನ ಮೇಲೆ ಟೈರಿನ ಗುರುತಿತ್ತೇ ಹೊರತು ಮನುಷ್ಯರ ಹೆಜ್ಜೆ ಒಂದೂ ಇರಲಿಲ್ಲ. ಬೀದಿಗೆ ಇದೆಲ್ಲ ಬೇಕಿರಲಿಲ್ಲ. ಗೇಟಿನವರೆಗೆ ತಾನೇ ಓಡಿಸಿಕೊಂಡು ಬಂದ, ಗಾಡಿಯನ್ನು ಹೆಂಡತಿಗೆ ಒಪ್ಪಿಸಿ ಹಾಗೇ ಬಸ್ಸು ಹತ್ತಿದ, ಎಲ್ಲೋ ಇನ್ನೊಂದು ಸಂಸಾರ ಇದ್ದೇ ಇರುತ್ತದೆ ಎಂದು ಸರ್ವಾನುಮತದಿಂದ ತೀರ್ಮಾನಿಸಿತು. ನಮ್ಮ ಸಂಘದಲ್ಲಿ ಸರ್ವಾನುಮತ ಸಿಕ್ಕ ವಿಷಯ ಅದೊಂದೇ.

ಅತ್ತಿಗೆ ಅಂದೇ ಗಾಡಿಯನ್ನು ಗ್ಯಾರೇಜಿಗೆ ನೂಕಿಸಿ ಟಾರ್ಪಾಲು ಹೊದಿಸಿದರು. ಗಂಡನ ಅಂಗಿಗಳನ್ನು ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ಬೀರುವಿನಲ್ಲಿ ತೂಗುಹಾಕುತ್ತಿದ್ದರು. ಯಾರೂ ಹಾಕಿಕೊಳ್ಳದ ಅಂಗಿಗಳು ಒಗೆತಕ್ಕೇ ಸವೆದು, ಹಿಡಿದರೆ ಆಚೆ ಬೆಳಕು ಕಾಣುವಷ್ಟಾಗಿದ್ದವು.

ಈಗ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಒಬ್ಬರು ಅಣ್ಣನ ಫೋಟೋ ನೋಡಿ, “ಅವರನ್ನ ಇನ್ನೊಂದೂರಲ್ಲಿ ನೋಡ್ದಂಗಿದೆಯಲ್ಲ,” ಎಂದು ಬಾಯಿಬಿಟ್ಟಿದ್ದರು. ಅತ್ತಿಗೆ ಮೈದುನನನ್ನು ಕರೆದರು.

“ನೋಡಪ್ಪಾ, ಆ ಗಾಡಿ ಸರಿಮಾಡು. ಅದು ಯಾರೂ ಇಲ್ದೆ ಆ ತಿರುವು ದಾಟಿ ಬರತ್ತಾ ಇಲ್ವಾ ಓಡ್ಸಿ ನೋಡಿ ಹೇಳು. ಬಿಟ್ಟು ಹೋದ್ರಾ, ಏನಾದ್ರೂ ಆಯ್ತಾ? ನಂಗೆ ಅಷ್ಟು ಗೊತ್ತಾದ್ರೆ ಸಾಕು. ಬಿಟ್ಟು ಹೋಗಿದ್ರೆ ಅಷ್ಟೂ ಅಂಗಿ ಒಲೆಗೆ ಹಾಕ್ತೀನಿ.”

ಹೀಗೆ ಶುರುವಾದ ರಿಪೇರಿ ಅದು.

ಮೊದಲು ಕಂಡದ್ದು ಮರಳು. ಸಮುದ್ರದಂಡೆಯಲ್ಲಿ ಓಡಿದ ಗಾಡಿಯಲ್ಲಿ ಮರಳಿರುವುದು ವಿಶೇಷವಲ್ಲ. ಆದರೆ ಹಲ್ಲುಮಾಮ ಪ್ರತಿ ಸಂಜೆ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗ್ಯಾರೇಜಿಗೆ ಬೀಗ ಹಾಕಿ ಹೋದರೆ, ಬೆಳಿಗ್ಗೆ ಪೆಡಲುಗಳ ಕೆಳಗೆ ಮತ್ತೊಂದು ಹಿಡಿ ಮರಳು ಇರುತ್ತಿತ್ತು. ಪಕ್ಕದ ಸೀಟಿನ ಕೆಳಗಲ್ಲ, ಡ್ರೈವರಿನ ಕಾಲಿಡುವ ಜಾಗದಲ್ಲಿ ಮಾತ್ರ.

“ಎಲ್ಲೋ ಸಂದೀಲಿ ಸೇರ್ಕೊಂಡಿರೋದು ಉದುರತ್ತೆ ಮಾಮ,” ಎಂದೆ, ಜಂಟಿ ಕಾರ್ಯದರ್ಶಿಯ ಗಾಂಭೀರ್ಯದಿಂದ.

“ಇರಬಹುದು,” ಎಂದು ಅದನ್ನು ನನ್ನ ಅಂಗೈಗೆ ಸುರಿದರು. ಒದ್ದೆಯಾಗಿತ್ತು. ಈಗತಾನೇ ಅಲೆ ಬಡಿದು ಹಿಂದೆ ಸರಿದಂತೆ ತಣ್ಣಗಿತ್ತು. ಅಂಗೈ ಒರೆಸಿಕೊಂಡು ಟಾರ್ಚು ಎತ್ತಿಕೊಂಡೆ. ಟಾರ್ಚು ಹಿಡಿಯುವವನು ಎಲ್ಲಕ್ಕೂ ಅಭಿಪ್ರಾಯ ಕೊಡಬೇಕೆಂದೇನಿಲ್ಲವಲ್ಲ.

ಪಕ್ಕದ ಸೀಟಿನ ಬೆಲ್ಟು ಕೂಡ ಹಾಕಿದಂತೆಯೇ ಇತ್ತು. ಖಾಲಿ ಸೀಟನ್ನು ಬಿಗಿಯಾಗಿ ತಬ್ಬಿಕೊಂಡು, ಕೊಂಡಿ ತುಕ್ಕು ಹಿಡಿದು ಕೂತಿತ್ತು. ಗಾಳಿಗೆ ಹಾರದಿರಲಿ ಎಂದು ಅಣ್ಣನೇ ಸಿಕ್ಕಿಸಿರಬೇಕು ಎಂದುಕೊಂಡು ಹಲ್ಲುಮಾಮ ಅದನ್ನು ಕತ್ತರಿಸಿ ತೆಗೆದರು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಹಳೆಯ ಸೀಟು ಕಿತ್ತೆಸೆದು ಹೊಸ ಸ್ಪಂಜು ಹಾಕಿಸುತ್ತಿದ್ದರು, ನನ್ನ ಈ ಬರಹವೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇವರು ಹಲ್ಲು ಕಟ್ಟುವವರು. ಯಾವುದನ್ನೇ ಹೊಸದಾಗಿ ಮಾಡುವ ಮುಂಚೆ ಹಳೆಯದರ ಅಚ್ಚು ತೆಗೆಯದೆ ಇವರ ಕೈ ಮುಂದೆ ಓಡುವುದಿಲ್ಲ. ಸೀಟಿನ ಸ್ಪಂಜು ವರ್ಷಗಟ್ಟಲೆ ಒಣಗಿ ರಸ್ಕಿನಂತೆ ಗಟ್ಟಿಯಾಗಿತ್ತು. ಕೊನೆಯದಾಗಿ ಕೂತವರ ತಗ್ಗು ಹಾಗೇ ಉಳಿದಿತ್ತು. “ಅಣ್ಣನ ಅಳತೆ ಇದೆ ನೋಡಿ. ಇದನ್ನ ಬಿಟ್ರೆ ಆಗತ್ತಾ?” ಎಂದು ಬಕೆಟ್ಟಿನಲ್ಲಿ ಪ್ಲಾಸ್ಟರು ಕಲಸಿ, ತಗ್ಗಿಗೆ ಹಾಳೆ ಹಾಸಿ, ಎರಡೂ ಸೀಟಿಗೆ ಹೊಯ್ದರು. ಒಂದೇ ಬಕೆಟ್ಟು, ಒಂದೇ ಕಲಸು.

ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಪಕ್ಕದ ಸೀಟಿನದು ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಬೆಚ್ಚಗಾಗಿ, ಬೆರಳು ಬಡಿದರೆ ಟಣ್ ಎನ್ನುತ್ತಿತ್ತು. ಡ್ರೈವರ್ ಸೀಟಿನದು ಮಾತ್ರ ಗಟ್ಟಿಯಾಗಲಿಲ್ಲ. ಸಂಜೆಗೂ ಇಲ್ಲ, ಮರುದಿನವೂ ಇಲ್ಲ. ಹಲ್ಲುಮಾಮ ಅದೇ ಚೀಲದ ಪ್ಲಾಸ್ಟರಿನಲ್ಲಿ ಕ್ಲಿನಿಕ್ಕಿನಲ್ಲಿ ಒಬ್ಬರ ಮೇಲ್ದವಡೆ ಹೊಯ್ದರು, ಕಲ್ಲಿನಂತಾಯಿತು. ಇಲ್ಲಿ ನಾನು ಬೆರಳಿಟ್ಟರೆ ಒಳಗೆ ಇಳಿಯಿತು. ಹಿಮದಂತೆ ಕೊರೆಯುತ್ತಿತ್ತು. ಬೆರಳು ಹೊರಗೆಳೆದುಕೊಂಡ ಮೇಲೆ ಆ ತೂತು ನಿಧಾನವಾಗಿ ತಾನೇ ಮುಚ್ಚಿಕೊಂಡಿತು.

“ಇಷ್ಟು ವರ್ಷದಲ್ಲಿ ಅಚ್ಚು ಕೊಡದೇ ಇರೋರನ್ನ ನಾನು ನೋಡಿಲ್ಲ,” ಎಂದರು ಹಲ್ಲುಮಾಮ ಮೆಲ್ಲಗೆ. ಗಾಡಿಯ ಜೊತೆ ಸದಾ ಮಾತಾಡುತ್ತಿದ್ದವರು ಅಂದಿನಿಂದ ಗ್ಯಾರೇಜಿನಲ್ಲಿ ದನಿ ಎತ್ತಲಿಲ್ಲ.

ಗಟ್ಟಿಯಾದ ಇನ್ನೊಂದನ್ನು ಮಗುಚಿ ಬೆಂಚಿನ ಮೇಲಿಟ್ಟರು. ಬೆಳ್ಳಗೆ, ಸೊಂಟದಿಂದ ಮಂಡಿಯವರೆಗಿನ ಅರ್ಧ ಮನುಷ್ಯ. ಹಿಂಭಾಗದಲ್ಲಿ, ಬಲಗಡೆ ಜೇಬು ಬರುವ ಕಡೆ, ಒಂದು ಚೌಕಾಕಾರದ ಉಬ್ಬು.

ಅತ್ತಿಗೆ ಚಹಾ ತಂದವರು ಅದನ್ನು ನೋಡಿ ನಿಂತರು. ಲೋಟಗಳನ್ನು ನನ್ನ ಕೈಗೆ ಕೊಟ್ಟು, ಆ ಉಬ್ಬಿನ ಮೇಲೆ ಅಂಗೈ ಇಟ್ಟರು.

“ಇದು ನಮ್ಮವರ ಪರ್ಸು,” ಎಂದರು. “ದುಡ್ಡಿಲ್ದಿದ್ರೂ ಚೀಟಿಗಳನ್ನೆಲ್ಲ ತುಂಬ್ಕೊಂಡು ಇಟ್ಟಿಗೆ ಮಾಡ್ಕೊಂಡಿದ್ರು. ಬೆನ್ನು ಸೊಟ್ಟಗಾಗತ್ತೆ ತೆಗೀರಿ ಅಂತ ಎಷ್ಟು ಬಡ್ಕೊಂಡಿದ್ದೀನಿ.” ಆಮೇಲೆ ಕೇಳಿದರು, “ಇದು ಡ್ರೈವರ್ ಸೀಟಿಂದು ತಾನೇ?”

ಹಲ್ಲುಮಾಮ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತಲೇ ಇದ್ದರು. ಕೊನೆಗೆ, “ಅಲ್ಲ ಅತ್ತಿಗೆ. ಪಕ್ಕದ್ದು. ಬೆಲ್ಟೂ ಹಾಕಿದಂಗೇ ಇತ್ತು,” ಎಂದರು.

ಅತ್ತಿಗೆ ಬಹಳ ಹೊತ್ತು ಕೈ ತೆಗೆಯಲಿಲ್ಲ. “ಅಂದ್ರೆ ಅವರಾಗೇ ಇಳಿದು ಹೋಗಿಲ್ಲ,” ಎಂದರು. “ಬೆಲ್ಟು ಬಿಚ್ಚದೆ ಇಳಿಯೋಕೆ ಅವರೇನು ಹಾವಾ? ಸ್ಟೀರಿಂಗ್ ಬಿಟ್ಟು ಈ ಕಡೆ ಕೂರೋ ಗಂಡಸೂ ಅಲ್ಲ ಅದು. ಬಿಟ್ಟು ಹೋಗಿಲ್ಲ ಕಣಪ್ಪಾ. ನನ್ನ ಬಿಟ್ಟು ಹೋಗಿಲ್ಲ.” ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದೇ ಮುಖ ಆಮೇಲೆ ಆಚೆಗಿನ ಡ್ರೈವರ್ ಸೀಟಿನ ಕಡೆ, ಇನ್ನೂ ಒದ್ದೆಯಾಗಿ ಹೊಳೆಯುತ್ತಿದ್ದ ಪ್ಲಾಸ್ಟರಿನ ಕಡೆ ತಿರುಗಿತು.

“ಅದು ಮನೇಲಿ ಬೇಡ,” ಎಂದು ಒಳಗೆ ಹೋದರು.

ಆ ಸೀಟನ್ನು ಬಿಚ್ಚಿ ಗೇಟಿನ ಹೊರಗಿಟ್ಟೆವು. ನಮ್ಮ ಬೀದಿಯ ಗುಜರಿಯವನು ತುಕ್ಕು ಮೊಳೆಯನ್ನೂ ಬಿಡುವವನಲ್ಲ, ಒಣಗಲು ಹಾಕಿದ ಬಕೆಟ್ಟನ್ನು ಕಂಡರೂ ತಕ್ಕಡಿ ತೆಗೆಯುವವನು. ಬಂದ, ಎತ್ತಿದ, ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಕೆಳಗಿಟ್ಟ.

“ಇದು ಬೇಡ ಸಾರ್. ತುಂಬಾ ಭಾರ ಇದೆ.”

“ಅಲ್ಲಯ್ಯಾ, ನೀನು ತೂಕದ ಮೇಲೆ ತಾನೇ ವ್ಯಾಪಾರ ಮಾಡೋದು?” ಎಂದೆ.

ಅವನು ತನ್ನ ಕೈಗಾಡಿ ತಳ್ಳಿಕೊಂಡು ಹೊರಟೇಬಿಟ್ಟ. ತಿರುಗಿ ನೋಡಲಿಲ್ಲ. ಕೊನೆಗೆ ಹಲ್ಲುಮಾಮ, ನಾನು ಸೇರಿ, ಸುಡು ಮಧ್ಯಾಹ್ನದಲ್ಲಿ ಅದನ್ನು ಗೋಣಿಯ ಮೇಲೆ ಎಳೆದುಕೊಂಡು ಹೋಗಿ ಮರಳುದಿಬ್ಬದ ಬುಡದಲ್ಲಿ ಬಿಟ್ಟುಬಂದೆವು. ಹೋಗುವಾಗ ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಸೀಟು ಈಗಲೂ ಅಲ್ಲೇ ಇದೆಯೇ ಎಂದು ನೋಡುವುದು ಸಂಘದ ವ್ಯಾಪ್ತಿಗೆ ಬರುವುದಿಲ್ಲವೆಂದು ನಾನು ಮತ್ತೆ ಆ ಕಡೆ ಹೋಗಿಲ್ಲ. ಮರುದಿನದಿಂದ ಗ್ಯಾರೇಜಿನಲ್ಲಿ ಮರಳು ಬೀಳುವುದು ನಿಂತಿತು.

ಮುಂದಿನ ಕೆಲಸ ಬೇಗ ಬೇಗ ಆಯಿತು. ಅಣ್ಣನ ಅಚ್ಚಿನಿಂದ ಹೊಸ ಸೀಟು ಮಾಡಿದರು, ಪರ್ಸಿನ ಗುಳಿಯನ್ನೂ ಬಿಡಲಿಲ್ಲ. ಅದನ್ನು ಸ್ಟೀರಿಂಗಿನ ಮುಂದೆ ಕೂರಿಸಿದರು. ಪಕ್ಕದ ಜಾಗವನ್ನು ಫೈಬರಿನಿಂದ ಮುಚ್ಚಿ ಉಜ್ಜಿ ನುಣ್ಣಗೆ ಮಾಡಿದರು, ಹಲ್ಲು ಕಿತ್ತು ಮಾಗಿದ ಒಸಡಿನಂತೆ. ಅಲ್ಲಿ ಒಂದು ಸೀಟಿತ್ತು ಎಂದು ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಅತ್ತಿಗೆ ಒಮ್ಮೆ ಬಂದು, ಸೆರಗು ಸರಿಮಾಡಿಕೊಂಡು, ಆ ಸೀಟಿನಲ್ಲಿ ಕೂತರು. ಕಣ್ಣು ಮುಚ್ಚಿಕೊಂಡಿದ್ದರು. ಎದ್ದು ಬರುವಾಗ, “ಅಂಗಿಗಳನ್ನ ಯಾರಿಗಾದ್ರೂ ಕೊಟ್ಟುಬಿಡೋಣ. ಬರೋ ಹಾಗಿದ್ದಿದ್ರೆ ಬರ್ತಿದ್ರು,” ಎಂದರು. ಇಸ್ತ್ರಿಪೆಟ್ಟಿಗೆ ಅಟ್ಟ ಸೇರಿತು. ನನಗೂ ಒಂದು ನೀಲಿ ಅಂಗಿ ಬಂತು. ಹಾಕಿಕೊಂಡಿಲ್ಲ.

ಗಾಡಿ ಹೊರಬಂದ ದಿನ ಬೀದಿಯೆಲ್ಲ ಗೇಟಿನಲ್ಲಿ ನಿಂತಿತ್ತು. ಅಣ್ಣ ಕೊನೆಗೆ ಕೂತದ್ದು ಪಕ್ಕದ ಸೀಟಿನಲ್ಲಿ ಎಂಬ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ‘ಇನ್ನೊಂದೂರಲ್ಲಿ ನೋಡಿದ’ ಬಾಡಿಗೆಯವರೂ ಇದ್ದರು. ಇಂಜಿನ್ ಮೊದಲು ಕೆಮ್ಮಿತು, ಆಮೇಲೆ ಗಂಟಲು ಸರಿಮಾಡಿಕೊಂಡಿತು. ಹಲ್ಲುಮಾಮ ನಿಧಾನವಾಗಿ ಓಡಿಸಿಕೊಂಡು ಹೋಗಿ, ತಿರುವಿನ ಹತ್ತಿರ ಎಲ್ಲರಿಗೂ ಕಾಣುವಂತೆ ಎರಡೂ ಕೈ ಮೇಲೆತ್ತಿದರು. ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಚರಂಡಿಯ ಕಟ್ಟೆಗೆ ಮೂಗು ತಾಗಿಸಿ ನಿಂತಿತು. ಹಿಂದಕ್ಕೆ ತಂದು ಇನ್ನೊಮ್ಮೆ ಬಿಟ್ಟರು. ಮತ್ತೆ ಚರಂಡಿ.

ವಾಪಸ್ಸು ಬಂದು ಗೇಟಿನಲ್ಲಿ ನಿಲ್ಲಿಸಿ, “ಅದರಷ್ಟಕ್ಕೇ ಅದು ಬರಲ್ಲ ಅತ್ತಿಗೆ,” ಎಂದರು.

“ಗೊತ್ತಾಯ್ತಲ್ಲ,” ಎಂದರು ಅತ್ತಿಗೆ, ಬಾಡಿಗೆಯವರ ಕಡೆ ನೋಡುತ್ತ. ಬಾಡಿಗೆಯವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ಗಾಡಿಯನ್ನು ಗೇಟಿನವರೆಗೆ ತಂದು ನಿಲ್ಲಿಸಿ ಹೋದದ್ದು ಹಾಗಾದರೆ ಯಾರು ಎಂದು ಯಾರೂ ಕೇಳಲಿಲ್ಲ.

ನಾನು ಉಳಿದೆ. ಅಷ್ಟು ದಿನ ಟಾರ್ಚು ಹಿಡಿದವನಿಗೆ ಒಂದು ಸುತ್ತು ಕೂರುವ ಆಸೆ ಇರುವುದಿಲ್ಲವೇ? ನುಣ್ಣಗೆ ಮುಚ್ಚಿದ ಆ ಜಾಗವನ್ನು ಸವರಿ ನೋಡಿ ಹೇಳಿದೆ, “ಎಲ್ಲಾ ಸರಿ ಮಾಮ, ಆದ್ರೆ ಒಂದೇ ಸೀಟು ಮಾಡ್ಬಿಟ್ರಲ್ಲ. ದಾರೀಲಿ ಯಾರಾದ್ರೂ ಕೈ ಅಡ್ಡ ಹಿಡಿದ್ರೆ ಲಿಫ್ಟು ಹೇಗೆ ಕೊಡ್ತೀರಿ?”

ಹಲ್ಲುಮಾಮ ಇಂಜಿನ್ ಆರಿಸಿ ನನ್ನ ಮುಖ ನೋಡಿದರು.

“ಅಣ್ಣ ಕೊಟ್ಟಿದ್ದೇ ಸಾಕು.”