ಬದುಕಿದ್ದವಳಿಗೆ ಹಚ್ಚಿದ ಬತ್ತಿ

ಹೋದ ತಿಂಗಳು ಕರೀಂ ಸಾಬರು ತೀರಿಕೊಂಡ ನಲವತ್ತನೆಯ ದಿನ. ಅವರ ಮಗ ರಹೀಮ ನನ್ನ ಕೈಗೊಂದು ಮೇಣದ ಬತ್ತಿ ಕೊಟ್ಟು, “ಹಚ್ಚಿ ಮಾವ, ಅಪ್ಪನ ಕಾಲದೋರು ನೀವೊಬ್ರೇ ಉಳ್ದಿರೋದು” ಎಂದ. ಕರಗುವ ಮೇಣದ ವಾಸನೆ ಬಂದದ್ದೇ ತಡ, ಬತ್ತಿಯನ್ನು ಅವನ ಕೈಗೇ ತಿರುಗಿ ಕೊಟ್ಟೆ. ವಯಸ್ಸಾಯಿತು ಎಂದುಕೊಂಡನೋ ಏನೋ, ಮಣೆ ತಂದಿಟ್ಟ. ಕಾರಣ ವಯಸ್ಸಲ್ಲ.

ಮೂರನೆಯ ತರಗತಿಗೇ ಶಾಲೆಗೆ ಬೆನ್ನು ಹಾಕಿದವನು ನಾನು. ಹೇಳುವುದು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಚನ್ನಪಟ್ಟಣಕ್ಕೆ ಪ್ಲೇಗು ಬಂದ ವರ್ಷ. ಅಟ್ಟದಿಂದ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ನಮ್ಮನೆಯಲ್ಲಿ ಇಲಿ ಬಿದ್ದಾಗ ಅಕ್ಕನಿಗೆ ಆಗಲೇ ಜ್ವರ, ಕಂಕುಳಲ್ಲಿ ಗೆಡ್ಡೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. “ನಿನ್ ನೆಳ್ಳಿಗೇ ನೀನು ಹೆದರ್ಕತೀಯಲ್ಲೋ, ಪುಕ್ಲ” ಎಂದು ಛೇಡಿಸುತ್ತಿದ್ದಳು. ಇಪ್ಪತ್ತು ತುಂಬಿದ ಮೇಲೂ ಛೇಡಿಸುತ್ತಿದ್ದಳು, ತಪ್ಪೇನಿರಲಿಲ್ಲ. ಅವತ್ತು ಮಾತ್ರ, “ಒಸಿ ನೀರು ಹತ್ರ ಇಟ್ಬುಟ್ಟು ಹೋಗಪ್ಪ. ಗಾಡಿ ಸಿಕ್ಕಿದ್ರೆ ತತ್ತೀಯಲ್ವಾ?” ಎಂದಳು. ನೀರಿಟ್ಟೆ. “ತತ್ತೀನಿ” ಎಂದೆ. ಬಾಗಿಲು ಎಳೆದುಕೊಂಡು ಬಂದೆ.

ನಮ್ಮ ಪಕ್ಕದ ಮನೆಯವರು ಕರೀಂ ಸಾಬರು, ಬೊಂಬೆ ಕೆಲಸದವರು. ಹೊಲದಲ್ಲಿ ಗಾಡಿ ಇದ್ದದ್ದು ಅವರಲ್ಲೇ. ನನ್ನನ್ನು ಕಂಡವರೇ, “ನಿಮ್ಮಕ್ಕ ಎಲ್ಲಿ? ಗಾಡಿ ಕಟ್ಲಾ?” ಎಂದರು.

ಕಟ್ಟಿದರೆ ನಾನೂ ಹೋಗಬೇಕು. ಅವಳನ್ನು ಮುಟ್ಟಿ ಎತ್ತಬೇಕು. “ಸತ್ತೋದ್ಲು ಸಾಬ್ರೇ” ಎಂದುಬಿಟ್ಟೆ.

ಆ ಸಂಜೆಯೇ ಹೊಲದಲ್ಲಿ ಪ್ರಾರ್ಥನೆ. ಗುಡಿಗೂ ಬೀಗ, ಮಸೀದಿಗೂ ಬೀಗ. ಎಲ್ಲರೂ ಒಂದೇ ಹುಣಸೆಮರದ ಕೆಳಗೆ. ದೀಪಕ್ಕೆ ಎಣ್ಣೆ ಇರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಅಂತೋಣಪ್ಪ ತಮ್ಮ ಚರ್ಚಿನಿಂದ ಒಂದು ಪೆಟ್ಟಿಗೆ ಮೇಣದ ಬತ್ತಿ ತಂದಿದ್ದ. ಮುಲ್ಲಾ ದುವಾ ಮಾಡಿದರು, ಪೂಜಾರಿ ಕಾಯಿ ಒಡೆದರು. ಆಮೇಲೆ ಮನೆಗೊಬ್ಬರಂತೆ ಎದ್ದು ಸತ್ತವರ ಹೆಸರು ಹೇಳಿ ಬತ್ತಿ ಹಚ್ಚಬೇಕು. ನಾನೂ ಎದ್ದೆ. “ಗೌರಮ್ಮ” ಎಂದು ಗಟ್ಟಿಯಾಗಿಯೇ ಹೇಳಿದೆ. ಗಾಳಿಗೆ ಆರದಂತೆ ಕರೀಂ ಸಾಬರು ಕೈ ಅಡ್ಡ ಹಿಡಿದರು.

ಎರಡು ದಿನ ಕಳೆದು ಸಾಬರ ತಾಯಿ ಬೂಬಮ್ಮ ಹೊಲದಂಚಿಗೆ ಬಂದಳು. ಮನೆ ಬಿಡಲೊಲ್ಲದೆ ಊರಲ್ಲೇ ಉಳಿದಿದ್ದ ಮುದುಕಿ. ದೂರದಲ್ಲೇ ನಿಂತು ಮಗನನ್ನು ಕರೆದು ಏನೋ ಹೇಳಿದಳು. ಸಾಬರು ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಗಾಡಿ ಕಟ್ಟಿದರು. ನಾನು ಹತ್ತಲಿಲ್ಲ. ಮಧ್ಯಾಹ್ನ ಕೈಗೆಲ್ಲ ಮಣ್ಣು ಮೆತ್ತಿಕೊಂಡು ಬಂದರು.

“ನಮ್ಮಮ್ಮ ಎರಡು ದಿನ ನಿಮ್ಮಕ್ಕಂಗೆ ಗಂಜಿ ಕುಡ್ಸವ್ಳೆ. ನಾನು ಹೋದಾಗ ಉಸ್ರಿತ್ತು. ಗಾಡೀಲೇ ಹೋಯ್ತು. ನಿಮ್ಮೋರ ಜಾಗದಲ್ಲೇ ಮಣ್ಣು ಮಾಡಿವ್ನಿ.”

ಅಷ್ಟೇ. ಮುಂದಿನ ವಾರ ಬೂಬಮ್ಮನೂ ಅದೇ ಜ್ವರದಲ್ಲಿ ಹೋದಳು. ನನ್ನ ಸುಳ್ಳನ್ನು ಸಾಬರು ಯಾರಿಗೂ ಹೇಳಲಿಲ್ಲ. ಐವತ್ತು ವರ್ಷ ನನ್ನ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿದರು. ಎಷ್ಟೋ ಸಲ ಬಾಯಿವರೆಗೆ ಬಂದದ್ದನ್ನು ನಾನು ಎಲೆಯ ಜೊತೆ ನುಂಗಿದೆ.

ನಲವತ್ತನೆಯ ದಿನ ಆ ಮಣೆಯ ಮೇಲೆ ಕೂತು ರಹೀಮನಿಗೆ ಎಲ್ಲವನ್ನೂ ಹೇಳಿದೆ. ಅವನು ಆ ಬತ್ತಿಯನ್ನು ತಾನೇ ಹಚ್ಚಿಟ್ಟ.

“ನಮ್ಮಜ್ಜಿಗೆ ಜ್ವರ ಬಂದಿದ್ದು ನಿಮ್ಮಕ್ಕನ ಆರೈಕೆ ಮಾಡಿ ಅಂತ ಗೊತ್ತಿತ್ತು. ಅವ್ರಿಗೆ ಜೀವ ಇದ್ದದ್ದು ಗೊತ್ತಿದ್ದೂ ನೀವು ಬುಟ್ಟು ಬಂದಿದ್ರಿ ಅಂತ ಅಪ್ಪ ಹೇಳಿರ್ಲಿಲ್ಲ.”

ಅವತ್ತಿನಿಂದ ಅವನು ನನ್ನನ್ನು ಮಾವ ಎನ್ನುವುದಿಲ್ಲ. ಬೀದಿಯಲ್ಲಿ ಎದುರಾದರೆ ಅಪರಿಚಿತರಿಗೆ ಮಾಡುವಂತೆ ಕೈಯೆತ್ತಿ ಮುಗಿದು ಹೋಗುತ್ತಾನೆ. ಆದರೂ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯದೆ, ದಿನವೂ ಅವನ ಮನೆಯ ಮುಂದೆಯೇ ನಡೆದು ಹೋಗುತ್ತೇನೆ.